ಮಹಜರು ಬರೆಯಲು ಕಲಿತು ಬಾ

ರಾಬರ್ಟ್‌ಸನ್‌ಪೇಟೆಯಿಂದ ಹಂಗೇರಿಯ ದೆಬ್ರೆತ್ಸೆನ್‌ಗೆ ನದಿ ನೀರಿನ ಪರೀಕ್ಷೆಯ ಕೆಲಸಕ್ಕೆ ಹೊರಟಿರುವ ತಮ್ಮನಿಗೆ,

ನಿನ್ನ ಪತ್ರದಲ್ಲಿ ಒಂಬತ್ತು ಪ್ರಶ್ನೆಗಳಿವೆ. ಮನೆ, ಚಳಿ, ಊಟ, ಭಾಷೆ, ಇಂಗ್ಲಿಷ್ ಸಾಲುತ್ತದಾ, ಹಂಗೇರಿ ರೊಮೇನಿಯಾ ಎರಡೂ ಯುರೋಪಿಯನ್ ಒಕ್ಕೂಟದಲ್ಲೇ ಇರುವಾಗ ಒಂದೇ ನದಿಯ ನೀರನ್ನು ಇಬ್ಬರೂ ಯಾಕೆ ಪರೀಕ್ಷಿಸಬೇಕು, ಇತ್ಯಾದಿ. ಕೊನೆಯ ಸಾಲು ಹೀಗಿದೆ: ‘ಲ್ಯಾಬಿನಲ್ಲಿ ನಂಬರ್ ಸರಿಯಾಗಿ ಬಂದರೆ ಸಾಕಲ್ಲವೇ ಅಕ್ಕಾ?’ ಅಕ್ಕಾ ಎಂದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಸಾಲುವುದಿಲ್ಲ ಕಣಪ್ಪ. ಇಲ್ಲಿಗೆ ಬಂದಿಳಿದ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಈ ಪತ್ರದ ಮುಕ್ಕಾಲು ಆ ಒಂದು ಸಾಲಿಗೇ ಹೋಗುತ್ತದೆ. ಉಳಿದದ್ದು ಮೊದಲು, ಚುಟುಕಾಗಿ.

ಚಳಿಗೆ ಹೆದರಬೇಡ, ಆದರೆ ಬೂಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡ. ಇಲ್ಲೇ ಕೊಳ್ಳು, ಅಡಿಭಾಗ ದಪ್ಪ ಇರಲಿ, ಒಂದು ಸೈಜು ದೊಡ್ಡದಿರಲಿ. ನದಿ ದಂಡೆಯಲ್ಲಿ ಎರಡು ಗಂಟೆ ನಿಂತರೆ ಚಳಿ ಹತ್ತುವುದು ಕಾಲಿನಿಂದ. ರಾಗಿ ಹಿಟ್ಟು, ಸಾರಿನ ಪುಡಿ ತಾ. ತುಪ್ಪ, ಪೇಡ, ಹಾಲಿನದು ಯಾವುದೂ ಬೇಡ. ಒಕ್ಕೂಟದ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಕೈಚೀಲದಲ್ಲಿ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ. ಹಸಿ ಕರಿಬೇವೂ ಅಷ್ಟೇ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ.

ಇಲ್ಲಿ ಬಹುತೇಕ ಪ್ರತಿ ಅರ್ಜಿಯಲ್ಲೂ ತಾಯಿಯ ಹೆಸರು ಕೇಳುತ್ತಾರೆ, ಅದೂ ಮದುವೆಗೆ ಮುಂಚಿನ ಹೆಸರು. ನಿನ್ನ ಹೆಸರಿನ ಮುಂದಿನ ಇನಿಷಿಯಲ್ ಬಿಡಿಸಿ ಬರೆದ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದೀಯ ತಾನೆ? ಹಂಗೇರಿಯವರಿಗೆ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಆ ಲೆಕ್ಕದಲ್ಲಿ ಅವರು ನಮಗೆ ಹತ್ತಿರದವರೇ. ಆದರೆ ಒಂದು ಕಚೇರಿಯಲ್ಲಿ ನಿನ್ನ ಊರಿನ ಹೆಸರು ಮನೆತನವಾಗಿ, ಇನ್ನೊಂದರಲ್ಲಿ ಅಪ್ಪನ ಹೆಸರು ಮನೆತನವಾಗಿ ದಾಖಲಾದರೆ ವಿಳಾಸದ ಕಾರ್ಡು, ಬ್ಯಾಂಕು, ಆರೋಗ್ಯ ವಿಮೆ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ. ಮೊದಲ ದಿನವೇ ಒಂದು ರೂಪ ಗಟ್ಟಿ ಮಾಡಿಕೋ. ಸಂಬಳದ ಬಗ್ಗೆ ನಾನೇನೂ ಹೇಳುವುದಿಲ್ಲ. ಸಾಲುತ್ತದೆ, ಉಳಿಯುವುದಿಲ್ಲ.

ಈಗ ಕೆಲಸದ ವಿಷಯ.

ನಿನ್ನನ್ನು ತೆಗೆದುಕೊಂಡಿರುವುದು ಸಮೋಶ್ ಮತ್ತು ಮೇಲಿನ ತಿಸಾ ನದಿಗಳ ಜಂಟಿ ನೀರಿನ ಪರೀಕ್ಷೆಗೆ. ಹಂಗೇರಿಯವರು ಸಮೋಶ್ ಎನ್ನುವ ನದಿಯೇ ಗಡಿಯಾಚೆ ರೊಮೇನಿಯಾದಲ್ಲಿ ಸೊಮೇಶ್. ಹೌದು, ನಮ್ಮ ಸೋಮೇಶನ ಹಾಗೇ ಕೇಳಿಸುತ್ತದೆ. ಈ ಹೆಸರುಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡ. ರೊಮೇನಿಯಾದ ಬಾಯಾ ಮಾರೆ ಎಂಬ ಊರಿಗೆ ಹಂಗೇರಿಯನ್ನಿನಲ್ಲಿ ಬೇರೆಯದೇ ಹೆಸರಿದೆ, ಸಾತು ಮಾರೆಗೂ ಇದೆ. ಒಂದನೇ ಮಹಾಯುದ್ಧದ ತನಕ ಆ ಸೀಮೆ ಹಂಗೇರಿಯದಾಗಿತ್ತು. ಬೆಳಗಾವಿ ಎನ್ನಬೇಕೋ ಬೆಳಗಾಂವ ಎನ್ನಬೇಕೋ ಎಂದು ಬೋರ್ಡಿನ ಮೇಲೆ ಬಣ್ಣ ಬಳಿಯುವುದನ್ನು ನೋಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರದಿಯಲ್ಲಿ ಎರಡೂ ಹೆಸರನ್ನು ಗೀಟು ಹಾಕಿ ಬರೆ. ನದಿ ಹರಿದು ಬರುವ ಕಡೆಯ ಹೆಸರು ಮೊದಲು ಬರಲಿ.

ಕೋಲಾರದ ಚಿನ್ನದ ಗಣಿಯ ನಿನ್ನ ಊರಿನಲ್ಲಿ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದು ಉಳಿದ ತ್ಯಾಜ್ಯದ ಗುಡ್ಡೆಗಳ, ನೆರಳಲ್ಲೇ ಕ್ರಿಕೆಟ್ ಆಡುತ್ತಾರೆ. ಗಣಿ ಮುಚ್ಚಿದ್ದು 2001ರಲ್ಲಿ, ದಿಬ್ಬದಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಮಾತು ಆಗಿನಿಂದ ನಿಂತಿಲ್ಲ. ಬಾಯಾ ಮಾರೆಯಲ್ಲಿ ಮಾಡಿದ್ದು ಅದನ್ನೇ. ಊರಿನ ಪಕ್ಕದಲ್ಲಿ ಹಳೆಯ ಗಣಿಗಳ ಹಿಟ್ಟಿನಂಥ ತ್ಯಾಜ್ಯ ಗುಡ್ಡೆಯಾಗಿ ಬಿದ್ದಿತ್ತು. ಕಮ್ಯುನಿಸ್ಟ್ ಸರ್ಕಾರ ಹೋದ ಮೇಲೆ ಸರ್ಕಾರಿ ಗಣಿ ಸಂಸ್ಥೆಯೂ ಒಂದು ಆಸ್ಟ್ರೇಲಿಯನ್ ಕಂಪನಿಯೂ ಸೇರಿ ಔರುಲ್ ಎಂಬ ಕಂಪನಿ ಮಾಡಿಕೊಂಡವು. ಹಳೆಯ ಗುಡ್ಡೆಯನ್ನು ನೀರಿನಲ್ಲಿ ಕದಡಿ, ಸೈನೈಡಿನಿಂದ ಚಿನ್ನ ಬೆಳ್ಳಿ ಹಿಂಡಿ, ಉಳಿದ ಕೆಸರನ್ನು ಊರಾಚೆ ಹೊಸ ಕೆರೆಗೆ ತುಂಬುವುದು. ಚಿನ್ನವೂ ಸಿಕ್ಕಿತು, ಊರೂ ಶುದ್ಧವಾಯಿತು ಎಂಬ ಲೆಕ್ಕ. 1999ರಲ್ಲಿ ಶುರುವಾಯಿತು.

ಕೆರೆಗೆ ಹೊರಹರಿವು ಇರಲಿಲ್ಲ, ಕೋಡಿ ಎನ್ನುತ್ತೇವಲ್ಲ, ಅದು. ನೀರನ್ನು ಮತ್ತೆ ಮತ್ತೆ ಕಾರ್ಖಾನೆಗೇ ಪಂಪ್ ಮಾಡುತ್ತೇವೆ, ಹೊರಗೆ ಒಂದು ಹನಿಯೂ ಬಿಡುವುದಿಲ್ಲ ಎಂಬುದು ವಿನ್ಯಾಸ. ಕೇಳಲು ಚೆಂದ. ಮಳೆಯೂ ಹಿಮವೂ ಕೆರೆಯ ಮೇಲೇ ಬೀಳುತ್ತವೆ ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಏರಿಯನ್ನು ಎತ್ತರಿಸುವುದೂ ಅದೇ ತ್ಯಾಜ್ಯದಿಂದ. ಹೈಡ್ರೋಸೈಕ್ಲೋನ್ ಎಂಬ ಕೊಳವೆಯಲ್ಲಿ ಕೆಸರನ್ನು ಸುತ್ತಿಸಿ, ದಪ್ಪ ಮರಳನ್ನು ಏರಿಗೆ, ನುಣ್ಣನೆಯದನ್ನು ಕೆರೆಯ ನಡುವಿಗೆ ಬಿಡುತ್ತಾರೆ. ಬಂದ ತ್ಯಾಜ್ಯ ಅಂದುಕೊಂಡಿದ್ದಕ್ಕಿಂತ ನುಣ್ಣಗಿತ್ತು, ದಪ್ಪ ಮರಳು ಸಾಲಲಿಲ್ಲ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಸೈಕ್ಲೋನುಗಳು ಕೆಲಸ ಮಾಡಲಿಲ್ಲ. ನೀರು ಏರುತ್ತಿತ್ತು, ಏರಿ ಏರಲಿಲ್ಲ. 2000ದ ಜನವರಿ ಕೊನೆಯಲ್ಲಿ ಇದ್ದಕ್ಕಿದ್ದಂತೆ ಬೆಚ್ಚಗಾಗಿ ಹಿಮ ಕರಗಿತು, ಮೇಲಿಂದ ಮಳೆ. 30ರ ರಾತ್ರಿ ಏರಿ ಸುಮಾರು 25 ಮೀಟರ್ ಉದ್ದಕ್ಕೆ ಒಡೆಯಿತು. ಹೊರಗೆ ಬಂದದ್ದು ಸುಮಾರು 1 ಲಕ್ಷ ಘನ ಮೀಟರ್ ನೀರು, ಕೆಸರು. ಅದರಲ್ಲಿ 50ರಿಂದ 100 ಟನ್ ಸೈನೈಡ್, ಜೊತೆಗೆ ತಾಮ್ರ ಮತ್ತಿತರ ಲೋಹ.

ಸಸಾರ್ ಹಳ್ಳದಿಂದ ಲಪುಶ್, ಅಲ್ಲಿಂದ ಸೊಮೇಶ್, ಗಡಿ ದಾಟಿ ಸಮೋಶ್, ಆಮೇಲೆ ತಿಸಾ, ಡ್ಯಾನ್ಯೂಬ್, ಕಪ್ಪು ಸಮುದ್ರ. ಸುಮಾರು 2000 ಕಿಲೋಮೀಟರ್, ನಾಲ್ಕು ವಾರ. ಗಡಿಯ ಈಚೆ ಚೆಂಗೆರ್ ಬಳಿ ಲೀಟರಿಗೆ 32 ಮಿಲಿಗ್ರಾಂ ಮೀರಿ ಸೈನೈಡ್ ಕಂಡಿತು. ಹಲವು ಜಾತಿಯ ಮೀನಿಗೆ 0.1 ಮಿಲಿಗ್ರಾಂ ಸಾಕು. ನಮ್ಮ ಕಡೆ ಕುಡಿಯುವ ನೀರಿಗೆ ಮಿತಿ 0.05, ಇಲ್ಲೂ ಅಷ್ಟೇ. ಹಂಗೇರಿ ಸರ್ಕಾರದ ಅಂದಾಜಿನಲ್ಲಿ ಸತ್ತ ಮೀನು 1,240 ಟನ್. ಹಾನಿ ಅಷ್ಟಿಲ್ಲ, ಉತ್ಪ್ರೇಕ್ಷೆ ಎಂದು ಕಂಪನಿ ವಾದಿಸಿತು. ಒಂದೂವರೆ ತಿಂಗಳಲ್ಲೇ ಅದೇ ಜಿಲ್ಲೆಯ ಇನ್ನೊಂದು ಗಣಿಯ ಕೆಸರಿನ ಕೆರೆಯೂ ಒಡೆದು ಲೋಹದ ಕೆಸರು ತಿಸಾಗೆ ಬಂತು.

ಇಷ್ಟು ವಿವರ ಯಾಕೆಂದರೆ, ನೀನು ಮಾಡಲಿರುವ ಕೆಲಸದ ಎಲ್ಲ ನಮೂನೆ, ಎಲ್ಲ ಹಠ ಆ ಒಂದು ಚಳಿಗಾಲದ ನೆನಪಿನಲ್ಲಿ ಬರೆದದ್ದು. ಲ್ಯಾಬಿನಲ್ಲಿ ಅದರ ಮಾತು ಯಾರೂ ಎತ್ತುವುದಿಲ್ಲ. ಎಲ್ಲರಿಗೂ ಗೊತ್ತಿದೆ ಎಂದುಕೊಂಡಿರುತ್ತಾರೆ.

ಎರಡೂ ಒಕ್ಕೂಟದಲ್ಲೇ ಇವೆಯಲ್ಲ ಎಂದು ಕೇಳಿದ್ದೆ. ಆಗ ಎರಡೂ ಹೊರಗಿದ್ದವು. ಹಂಗೇರಿ ಸೇರಿದ್ದು 2004ರಲ್ಲಿ, ರೊಮೇನಿಯಾ 2007ರಲ್ಲಿ. ಗಡಿ ನೀರಿನ ಬಗ್ಗೆ ಇಬ್ಬರ ನಡುವೆ ಇದ್ದದ್ದು ಕಮ್ಯುನಿಸ್ಟ್ ಕಾಲದ 1986ರ ಒಪ್ಪಂದ. 2003ರಲ್ಲಿ ಹೊಸದು ಮಾಡಿಕೊಂಡರು. ಇದರ ಮೇಲೆ ಇಡೀ ಡ್ಯಾನ್ಯೂಬ್ ಕೊಳ್ಳಕ್ಕೆ 1994ರಲ್ಲಿ ಸೋಫಿಯಾದಲ್ಲಿ ಸಹಿಯಾದ ಒಪ್ಪಂದವಿದೆ, 1998ರಿಂದ ಜಾರಿ. ಈಗ 14 ದೇಶಗಳು ಮತ್ತು ಒಕ್ಕೂಟ ಅದರಲ್ಲಿವೆ, ಅದನ್ನು ನಡೆಸುವ ಆಯೋಗದ ಕಚೇರಿ ವಿಯೆನ್ನಾದಲ್ಲಿ, ಆಯೋಗವನ್ನು ಐಸಿಪಿಡಿಆರ್ ಎನ್ನುತ್ತಾರೆ. ಕಾವೇರಿ ಕೃಷ್ಣೆಗಳ ನಾಡಿನಿಂದ ಬರುವವನಿಗೆ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ನಮ್ಮಲ್ಲಿ ಜಗಳ ಎಷ್ಟು ಟಿಎಂಸಿ ಎಂಬುದರ ಮೇಲೆ. ಇಲ್ಲಿ ನಿನ್ನ ಮೇಜಿಗೆ ಬರುವ ಜಗಳ ನೀರಿನಲ್ಲಿ ಏನಿದೆ, ಯಾವಾಗ ಬಂತು, ಯಾರ ಕಡೆಯಿಂದ ಬಂತು ಎಂಬುದರ ಮೇಲೆ. ನ್ಯಾಯಮಂಡಳಿಯಂತೆ ತೀರ್ಪು ಕೊಡುವವರು ವಿಯೆನ್ನಾದಲ್ಲಿ ಯಾರೂ ಇಲ್ಲ. ಎಲ್ಲರೂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕಾಗದಕ್ಕೆ ಇಷ್ಟು ಬೆಲೆ.

ಅಪಾಯದ ಎಚ್ಚರಿಕೆಗೆ 1997ರಿಂದ ಒಂದು ವ್ಯವಸ್ಥೆ ನಡೆದಿದೆ. ಪ್ರತಿ ದೇಶದಲ್ಲೂ ಪಿಯಾಕ್ ಎಂಬ ಎಚ್ಚರಿಕೆ ಕೇಂದ್ರ, ಇಪ್ಪತ್ನಾಲ್ಕು ಗಂಟೆಯೂ ಒಬ್ಬರು ಎಚ್ಚರವಾಗಿರಬೇಕು. ಮೇಲಿನ ದೇಶದವರು ಘಟನೆಯ ಜಾಗ, ಹೊತ್ತು, ಯಾವ ವಸ್ತು, ಎಷ್ಟು ಎಂದು ನಮೂನೆ ತುಂಬಿ ಕೆಳಗಿನವರಿಗೆ ಕಳಿಸಬೇಕು. 2000ದಲ್ಲಿ ಈ ಎಚ್ಚರಿಕೆ ಕೆಲಸ ಮಾಡಿತು, ಅದನ್ನು ಯಾರೂ ಮೆಚ್ಚಿ ಮಾತಾಡುವುದಿಲ್ಲ. ಸುದ್ದಿ ಮೊದಲೇ ಬಂದದ್ದರಿಂದ ತಿಸಾ ಮೇಲಿನ ಕಿಶ್ಕೊರೆ ಅಣೆಕಟ್ಟಿನ ಗೇಟುಗಳನ್ನು ಆಡಿಸಿ, ವಿಷದ ನೀರು ಹಿನ್ನೀರಿನ ಮಡುಗಳಿಗೆ ನುಗ್ಗದೆ ನಡು ಹರಿವಿನಲ್ಲೇ ಹೋಗುವಂತೆ ನೋಡಿಕೊಂಡರು. ಮೀನು, ಹುಳು ಹುಪ್ಪಟೆ ಮತ್ತೆ ನದಿಗೆ ಬಂದದ್ದು ಆ ಮಡುಗಳಿಂದಲೇ.

ಇನ್ನು ನಿನ್ನ ಪ್ರಶ್ನೆ. ನಂಬರ್ ಸರಿ ಬಂದರೆ ಸಾಕಲ್ಲವೇ.

ಸೈನೈಡ್ ಪರೀಕ್ಷೆಗೆಂದು ನದಿಯ ನೀರು ತುಂಬಿದ ಒಂದು ಬಾಟಲಿಯನ್ನೇ ತೆಗೆದುಕೋ. ನದಿಯ ನೀರಿನ ಪಿಎಚ್, ಅಂದರೆ ಆಮ್ಲ ಕ್ಷಾರದ ಅಳತೆ, ಏಳೂವರೆ ಇದ್ದರೆ ಬಿಡಿ ಸೈನೈಡಿನಲ್ಲಿ, ಅಂದರೆ ಲೋಹಕ್ಕೆ ಅಂಟದೆ ಇರುವುದರಲ್ಲಿ, ನೂರಕ್ಕೆ 98 ಪಾಲು ಹೈಡ್ರೋಜನ್ ಸೈನೈಡ್ ರೂಪದಲ್ಲಿರುತ್ತದೆ. ಅದು 26 ಡಿಗ್ರಿಗೆ ಕುದಿಯುವ ವಸ್ತು. ಬಾಟಲಿಯಲ್ಲಿ ಹಾಗೇ ಬಿಟ್ಟರೆ ಮೇಲಿನ ಖಾಲಿ ಜಾಗಕ್ಕೆ ಏರುತ್ತದೆ, ಮುಚ್ಚಳ ತೆಗೆದಾಗ ಹೋಗಿಬಿಡುತ್ತದೆ. ಹಾಗಾಗಿ ದಂಡೆಯ ಮೇಲೇ ಕ್ಷಾರ ಹಾಕಿ ಪಿಎಚ್ 12ರ ಮೇಲೆ ಏರಿಸಬೇಕು. 10 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಆದರೆ ಲೀಟರಿಗೆ ಸುಮಾರು 2 ಮಿಲಿಲೀಟರ್. ಗಣಿಯ ಆಮ್ಲ ನೀರು ಬೆರೆತಿದ್ದರೆ ಹೆಚ್ಚು ಬೇಕಾಗುತ್ತದೆ, ಕಂದು ಗಸಿಯೂ ಕಾಣುತ್ತದೆ. ಲೆಕ್ಕ ನಂಬಬೇಡ, ಪಿಎಚ್ ಕಾಗದ ಅದ್ದಿ ನೋಡು.

ಆದರೆ ಅದಕ್ಕೂ ಮೊದಲು ಎರಡು ಕೆಲಸ. ಸೈನೈಡ್ ಸೋರಿದಾಗ ಕಾರ್ಖಾನೆಯವರು ಸುರಿಯುವುದು ಹೈಪೋಕ್ಲೋರೈಟ್, ನಮ್ಮ ಬ್ಲೀಚಿಂಗಿನ ಅಣ್ಣ. ಅದು ನೀರಿನಲ್ಲಿ ಉಳಿದಿದ್ದರೆ ಬಾಟಲಿಯೊಳಗೂ ಸೈನೈಡನ್ನು ತಿನ್ನುತ್ತಲೇ ಇರುತ್ತದೆ. ನದಿಯಲ್ಲಿ ಇದ್ದ ವಿಷ ಲ್ಯಾಬಿಗೆ ಬರುವಷ್ಟರಲ್ಲಿ ಇರುವುದಿಲ್ಲ. ಅಯೋಡೈಡ್ ಗಂಜಿಯ ಕಾಗದ ನೀಲಿಯಾದರೆ ಅದು ಇದೆ ಎಂದರ್ಥ. ಆಸ್ಕಾರ್ಬಿಕ್ ಆಮ್ಲದ ಪುಡಿ ಚಿಟಿಕೆ ಚಿಟಿಕೆಯಾಗಿ, ಕಾಗದ ನೀಲಿಯಾಗುವುದು ನಿಲ್ಲುವ ತನಕ ಮಾತ್ರ ಹಾಕಬೇಕು. ಹೆಚ್ಚಾದರೆ ಆ ಪುಡಿಯೇ ಸೈನೈಡನ್ನು ಕಡಿಮೆ ಮಾಡುತ್ತದೆ. ಆರ್ಸೆನೈಟ್ ಬಳಸುವ ಲ್ಯಾಬುಗಳೂ ಇವೆ. ಯಾವುದೆಂದು ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು. ಎರಡನೆಯದು ಸಲ್ಫೈಡ್. ಸೀಸದ ಅಸಿಟೇಟ್ ಕಾಗದ ಕಪ್ಪಾದರೆ ಸೀಸದ ಕಾರ್ಬೊನೇಟ್ ಹಾಕಿ, ಕೂಡಲೇ ಸೋಸಿ, ಆಮೇಲೆ ಕ್ಷಾರ. ಕ್ಷಾರ ಮೊದಲು ಹಾಕಿದರೆ ಸಲ್ಫೈಡ್ ಸೈನೈಡಿಗೆ ಕೂಡಿಕೊಂಡು ಥಯೋಸಯನೇಟ್ ಎಂಬ ಬೇರೆ ವಸ್ತುವಾಗಿಬಿಡುತ್ತದೆ. ಮತ್ತೆ ಸೈನೈಡ್ ಕಡಿಮೆ ಕಾಣುತ್ತದೆ.

ಬಾಟಲಿ ಬೆಳಕಿಗೆ ಬೀಳಬಾರದು. ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡ ಸೈನೈಡ್ ಬಿಸಿಲಲ್ಲಿ ಬಿಡಿಸಿಕೊಳ್ಳುತ್ತದೆ, ಬಿಡಿ ಸೈನೈಡಿನ ಅಂಕಿ ಸುಳ್ಳೇ ಏರುತ್ತದೆ. ಕಂದು ಬಾಟಲಿ, ಐಸ್ ಡಬ್ಬಿ, 4 ಡಿಗ್ರಿ, ಹೆಪ್ಪುಗಟ್ಟಬಾರದು. 14 ದಿನ ಮೀರಬಾರದು, ಎರಡು ಮೂರು ದಿನದಲ್ಲೇ ಮುಗಿಸಿದರೆ ಒಳ್ಳೆಯದು. ಮೊದಲು ಗಡಿಯ ಸಾಲಿನಲ್ಲಿ ನಿಂತೇ ಐಸು ಕರಗುತ್ತಿತ್ತು. 2025ರ ಜನವರಿ 1ರಿಂದ ರೊಮೇನಿಯಾದ ಭೂಗಡಿಯೂ ಗಡಿ ತಪಾಸಣೆ ಇಲ್ಲದ ಷೆಂಗೆನ್ನಿಗೆ ಸೇರಿದೆ, ಆ ಕಾಟ ತಪ್ಪಿತು.

ಒಂದು ಎಚ್ಚರ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೋ. ಲೋಹಗಳಿಗೆ ತೆಗೆಯುವ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕುತ್ತೇವೆ, ಪಿಎಚ್ 2ಕ್ಕಿಂತ ಕೆಳಗೆ. ಎರಡೂ ಬಾಟಲಿ ಒಂದೇ ಡಬ್ಬಿಯಲ್ಲಿರುತ್ತವೆ, ಕೈ ಮರಗಟ್ಟಿರುತ್ತದೆ. ಆಮ್ಲ ತಪ್ಪಿ ಸೈನೈಡ್ ಬಾಟಲಿಗೆ ಬಿದ್ದರೆ ಲೆಕ್ಕವಷ್ಟೇ ಹಾಳಾಗುವುದಿಲ್ಲ, ಬರುವ ಗಾಳಿ ನಿನ್ನ ಮೂಗಿಗೇ. ಮುಚ್ಚಳಗಳ ಬಣ್ಣ ಬೇರೆ ಇರಲಿ, ಆಮ್ಲದ ಡ್ರಾಪರ್ ಒಬ್ಬರ ಕೈಯಲ್ಲಿ, ಕ್ಷಾರದ್ದು ಇನ್ನೊಬ್ಬರ ಕೈಯಲ್ಲಿ ಇರಲಿ.

ಲ್ಯಾಬಿಗೆ ಬಂದ ಮೇಲೆ ಒಂದೇ ನೀರಿಗೆ ಮೂರು ಉತ್ತರ. ಬಿಡಿ ಸೈನೈಡ್ ಒಂದು. ದುರ್ಬಲ ಆಮ್ಲದಲ್ಲಿ, ಪಿಎಚ್ ನಾಲ್ಕೂವರೆಯಲ್ಲಿ ಬಿಟ್ಟುಬರುವುದು ಎರಡನೆಯದು, ಲ್ಯಾಬಿನವರು ವ್ಯಾಡ್ ಎನ್ನುತ್ತಾರೆ. ತಾಮ್ರಕ್ಕೆ, ಸತುವಿಗೆ ಅಂಟಿದ್ದು ಇದರಲ್ಲಿ ಬರುತ್ತದೆ. ಪ್ರಬಲ ಆಮ್ಲ ಹಾಕಿ ಬಟ್ಟಿ ಇಳಿಸಿದರೆ ಕಬ್ಬಿಣಕ್ಕೆ ಅಂಟಿದ್ದೂ ಸೇರಿ ಒಟ್ಟು ಸೈನೈಡ್, ಮೂರನೆಯದು. ಒಂದು ಕಡೆಯವರು ಒಟ್ಟು ಸೈನೈಡ್ ಹೇಳಿ, ಇನ್ನೊಂದು ಕಡೆಯವರು ವ್ಯಾಡ್ ಹೇಳಿದರೆ, ಇಬ್ಬರೂ ಸುಳ್ಳಾಡದೆ ಇಬ್ಬರೂ ಕಚ್ಚಾಡಬಹುದು. ಯುರೋಪಿನ 2006ರ ಗಣಿ ತ್ಯಾಜ್ಯದ ಕಾನೂನು ಮಿತಿ ಹಾಕಿದ್ದು ವ್ಯಾಡ್‌ಗೆ: ಕಾರ್ಖಾನೆಯಿಂದ ಕೆರೆಗೆ ಬೀಳುವ ಬಾಯಿಯಲ್ಲಿ 2008ರಿಂದ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು), 2013ರಿಂದ 25, 2018ರಿಂದ 10. ಹಂಗೇರಿ 2009ರಲ್ಲಿ ಸೈನೈಡ್ ಗಣಿಗಾರಿಕೆಯನ್ನೇ ನಿಷೇಧಿಸಿತು, ರೊಮೇನಿಯಾ ನಿಷೇಧಿಸಿಲ್ಲ. ನೀನು ಕೂರುವ ಮೇಜಿನ ಎರಡು ಬದಿಯ ಮನಸ್ಸು ಇದರಲ್ಲೇ ತಿಳಿಯುತ್ತದೆ.

ಈಗ ನೋಡು: ಇದೆಲ್ಲ ಒಬ್ಬರು ಮಾಡಿ, ಇನ್ನೊಬ್ಬರು ಬಾಟಲಿಯನ್ನು ಹಾಗೇ ಕಾರಿನ ಹಿಂದೆ ಇಟ್ಟುಕೊಂಡು ಹೋದರೆ, ಒಂದೇ ಬಕೆಟ್ಟಿನ ನೀರಿಗೆ ಎರಡು ದೇಶದಲ್ಲಿ ಎರಡು ಅಂಕಿ. ಎರಡೂ ಯಂತ್ರ ಸರಿ, ಎರಡೂ ಲ್ಯಾಬಿಗೆ ಮಾನ್ಯತೆಯ ಪತ್ರ ಇದೆ, ನಂಬರೂ ‘ಸರಿಯಾಗೇ’ ಬಂದಿದೆ. ಆಯೋಗದ ಸಭೆಯಲ್ಲಿ ನಿನ್ನ ಯಂತ್ರದ ಬಗ್ಗೆ ಯಾರೂ ಕೇಳುವುದಿಲ್ಲ. ದಂಡೆಯ ಮೇಲೆ ಬರೆದದ್ದು ಎಲ್ಲಿ ಎನ್ನುತ್ತಾರೆ.

ಅದಕ್ಕೆ ಹಂಗೇರಿಯನ್ನಿನಲ್ಲಿ ಯೆಡ್ಜೋಕೊನ್ವ್, ರೊಮೇನಿಯನ್ನಿನಲ್ಲಿ ಪ್ರೊಚೆಸ್ ವೆರ್ಬಾಲ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮಿನಿಟ್ಸ್ ಎಂದು ಹೇಳಿಕೊಡುತ್ತಾರೆ, ನಂಬಬೇಡ. ಅದು ಮಹಜರು. ಶಾನುಭೋಗರು ಹೊಲದ ಬದುವಿನ ಮೇಲೆ ನಿಂತು, ಪಂಚರನ್ನು ಕರೆಸಿ, ಪೂರ್ವಕ್ಕೆ ಇಂಥವರ ಜಮೀನು ಪಶ್ಚಿಮಕ್ಕೆ ಹಳ್ಳ ಎಂದು ಬರೆದು ಹೆಬ್ಬೆಟ್ಟು ಒತ್ತಿಸುತ್ತಿದ್ದರಲ್ಲ, ಥೇಟ್ ಅದೇ. ಸ್ಥಳದಲ್ಲೇ, ಇಬ್ಬರ ಎದುರೇ, ಎರಡೂ ಭಾಷೆಯಲ್ಲಿ, ಎರಡೂ ಕಡೆಯ ಸಹಿ. ಲ್ಯಾಬಿಗೆ ಹೋದ ಮೇಲೆ ಬರೆದದ್ದಕ್ಕೆ ಬೆಲೆಯಿಲ್ಲ.

ಅದರಲ್ಲಿ ಏನಿರಬೇಕು? ನದಿಯ ಕಿಲೋಮೀಟರ್ ಗುರುತು. ಇದನ್ನು ನದಿಯ ಬಾಯಿಯಿಂದ ಮೇಲಕ್ಕೆ ಎಣಿಸುತ್ತಾರೆ, ಕೆಳಗೆ ಹೋದಂತೆ ಅಂಕಿ ಇಳಿಯುತ್ತದೆ. ಹೊಸಬರು ಉಲ್ಟಾ ಬರೆಯುತ್ತಾರೆ. ಎಡದಂಡೆಯೋ ಬಲದಂಡೆಯೋ, ನಡುವೋ. ಎಷ್ಟು ಆಳದಿಂದ ತೆಗೆದದ್ದು. ನೀರಿನ ಮೇಲೆ ಮಂಜುಗಡ್ಡೆಯ ಹೊದಿಕೆ ಇತ್ತೇ. ಇದು ಸುಮ್ಮನೆ ಅಲ್ಲ, ಮಂಜುಗಡ್ಡೆ ಮುಚ್ಚಿದ್ದರೆ ಸೈನೈಡ್ ಗಾಳಿಗೆ ಹೋಗಲಾರದು, ಬಿಸಿಲೂ ತಾಗದು, ದೂರದ ತನಕ ಹಾಗೇ ಹೋಗುತ್ತದೆ. ಒಂದೇ ಬಕೆಟ್ಟಿನಿಂದ ಕಲಕಿ ಕಲಕಿ ಎರಡೂ ಕಡೆಗೆ ಬಾಟಲಿ ತುಂಬಿದ್ದು, ಮೂರನೆಯ ಬಾಟಲಿಗೆ ಇಬ್ಬರ ಮೊಹರು ಬಿದ್ದು ತೆಗೆದಿಟ್ಟದ್ದು. ಯಾವ ಕಾಗದ ಯಾವ ಬಣ್ಣಕ್ಕೆ ತಿರುಗಿತು, ಏನು ಎಷ್ಟು ಹಾಕಿದರು. ಆ ಹೊತ್ತಿನ ಹರಿವು ಸೆಕೆಂಡಿಗೆ ಎಷ್ಟು ಘನ ಮೀಟರ್. ಹರಿವು ಇಲ್ಲದ ಅಂಕಿ ಅರ್ಧ ಅಂಕಿ. ಲೀಟರಿಗೆ 0.1 ಮಿಲಿಗ್ರಾಂ ಎಂದರೆ ಏನೂ ಅಲ್ಲ ಅನ್ನಿಸುತ್ತದೆ, ಸೆಕೆಂಡಿಗೆ 100 ಘನ ಮೀಟರ್ ಹರಿಯುತ್ತಿದ್ದರೆ ಅದು ದಿನಕ್ಕೆ 864 ಕಿಲೋ.

ಆಮೇಲೆ ಹೊತ್ತು. ಇದರಲ್ಲಿ ಬೀಳದ ಹೊಸಬರನ್ನು ನಾನು ಕಂಡಿಲ್ಲ. ರೊಮೇನಿಯಾದ ಗಡಿಯಾರ ಹಂಗೇರಿಗಿಂತ ಒಂದು ಗಂಟೆ ಮುಂದೆ. ಆಚೆ ದಂಡೆಯಲ್ಲಿ ಹತ್ತು ಗಂಟೆ ಎಂದರೆ ಈಚೆ ಒಂಬತ್ತು. ನೀರು ಸೆಕೆಂಡಿಗೆ ಒಂದು ಮೀಟರ್ ಓಡುತ್ತಿದ್ದರೆ ಒಂದು ಗಂಟೆಯ ತಪ್ಪಿಗೆ ವಿಷದ ತಲೆ ಮೂರೂವರೆ ಕಿಲೋಮೀಟರ್ ಅತ್ತಿತ್ತ. ನಕ್ಷೆಯಲ್ಲಿ ಹಾಕಿ ನೋಡಿದಾಗ ವಿಷ ಗಡಿ ದಾಟುವ ಮೊದಲೇ ಹಂಗೇರಿಯಲ್ಲಿ ಕಾಣಿಸಿಕೊಂಡಂತಾಗುತ್ತದೆ. ಎದುರು ಪಕ್ಷದ ವಕೀಲನಿಗೆ ಅಷ್ಟು ಸಾಕು. ಮಹಜರಿನಲ್ಲಿ ಎರಡೂ ಸ್ಥಳೀಯ ಹೊತ್ತು ಬರೆದು, ಪಕ್ಕದಲ್ಲಿ ಗ್ರೀನಿಚ್ ಹೊತ್ತೂ ಬರೆ.

ಅಂಕಿಯಲ್ಲಿ ಚುಕ್ಕಿ ಇಲ್ಲ, ಅಲ್ಪವಿರಾಮ. ನಮ್ಮ 0.05 ಇವರಿಗೆ 0,05. ನಮ್ಮಲ್ಲಿ 1,240 ಎಂದರೆ ಸಾವಿರದ ಇನ್ನೂರ ನಲವತ್ತು, ಇಲ್ಲಿ ಅದು ಒಂದೂಕಾಲಿಗೂ ಸ್ವಲ್ಪ ಕಡಿಮೆ. ಕಂಪ್ಯೂಟರ್ ಹಾಳೆ ತಾನೇ ತಿದ್ದಿಕೊಳ್ಳುತ್ತದೆ ಎಂದುಕೊಳ್ಳಬೇಡ, ತಾನೇ ಕೆಡಿಸುತ್ತದೆ, 3.5 ಎಂದು ಹೊಡೆದರೆ ಮೇ 3 ಎಂದೋ ಮಾರ್ಚ್ 5 ಎಂದೋ ಮಾಡಿ ಕೂರಿಸುತ್ತದೆ. ತಾರೀಖೂ ಅಷ್ಟೇ. ಹಂಗೇರಿಯವರು ವರ್ಷ, ತಿಂಗಳು, ದಿನ ಎಂದು ಬರೆಯುತ್ತಾರೆ, ರೊಮೇನಿಯಾದವರು ನಮ್ಮ ಹಾಗೆ ದಿನ ಮೊದಲು. ತಿಂಗಳನ್ನು ಅಕ್ಷರದಲ್ಲಿ ಬರೆದುಬಿಡು.

ಈ ಕಾಗದದ ಹಟ ಯಾಕೆ ಎಂದು ಅರ್ಥವಾಗಲು ಹಳೆಯ ಕಾಲ ಸ್ವಲ್ಪ ತಿಳಿದಿರಬೇಕು. ಕಮ್ಯುನಿಸ್ಟ್ ಆಡಳಿತದಲ್ಲಿ ಮಾಲಿನ್ಯದ ಅಂಕಿ ಎಂದರೆ ಗುಟ್ಟಿನ ವಿಷಯ. ಪೂರ್ವ ಜರ್ಮನಿಯಲ್ಲಂತೂ 1982ರಲ್ಲಿ ಪರಿಸರದ ಅಂಕಿಅಂಶಗಳನ್ನು ಗೋಪ್ಯ ಎಂದೇ ಆದೇಶ ಮಾಡಿದ್ದರು. ಹಂಗೇರಿಯಲ್ಲಿ ಡ್ಯಾನ್ಯೂಬಿನ ಅಣೆಕಟ್ಟಿನ ವಿರುದ್ಧ ಎದ್ದ ಚಳವಳಿಯೇ ಆಮೇಲೆ ಆಡಳಿತವನ್ನು ಅಲುಗಾಡಿಸಿದ ಚಳವಳಿಗಳಲ್ಲಿ ಒಂದು. ಆ ಅಣೆಕಟ್ಟಿನ ಬಗ್ಗೆ ಹಂಗೇರಿ, ಸ್ಲೊವಾಕಿಯಾ ನಡುವಿನ ವ್ಯಾಜ್ಯಕ್ಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1997ರಲ್ಲಿ ತೀರ್ಪು ಕೊಟ್ಟಿತು, ನೀವೇ ಕೂತು ಮಾತಾಡಿಕೊಳ್ಳಿ ಎಂದಿತು, ಇಂದಿಗೂ ಮುಗಿದಿಲ್ಲ. 1998ರ ಆರ್ಹಸ್ ಒಪ್ಪಂದ ಬಂದು ಪರಿಸರದ ಮಾಹಿತಿ ಕೇಳುವುದು ಜನರ ಹಕ್ಕು ಎಂದಾಯಿತು. ನಮ್ಮ ಮಾಹಿತಿ ಹಕ್ಕಿನ ಅರ್ಜಿಯಂತೆಯೇ, ಅರ್ಜಿ ಹಾಕಿದರೆ ನಿನ್ನ ಮಹಜರು ಯಾರ ಕೈಗಾದರೂ ಹೋಗಬಹುದು. ಬಾಯಾ ಮಾರೆಯ ಒಬ್ಬ ತಂದೆ, ಮಗ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಗಿ, 2009ರಲ್ಲಿ ರೊಮೇನಿಯಾ ಸರ್ಕಾರ ತನ್ನ ಕರ್ತವ್ಯ ಮಾಡಲಿಲ್ಲ ಎಂಬ ತೀರ್ಪು ಪಡೆದರು. ಮಗನ ಖಾಯಿಲೆಗೂ ಸೈನೈಡಿಗೂ ನೇರ ಸಂಬಂಧ ತೋರಿಸಲು ಅವರಿಗೆ ಆಗಲಿಲ್ಲ, ಅಪಾಯವನ್ನು ಮೊದಲೇ ಅಳೆದು ಜನರಿಗೆ ತಿಳಿಸಲಿಲ್ಲ ಎಂಬುದರ ಮೇಲೆ ಗೆದ್ದರು.

ಇಂಗ್ಲಿಷ್ ಸಾಲುತ್ತದಾ ಎಂದು ಕೇಳಿದ್ದೆಯಲ್ಲ. ವಿಯೆನ್ನಾಕ್ಕೆ ಸಾಲುತ್ತದೆ. ದಂಡೆಗೆ ಸಾಲುವುದಿಲ್ಲ. ಅನುದಾನದ ಹಣದಲ್ಲಿ ಬಂದ ಯಂತ್ರಗಳ ಕೈಪಿಡಿ ಇಂಗ್ಲಿಷಿನಲ್ಲಿದೆ, ನದಿಯ ಕೈಪಿಡಿ ಇಲ್ಲ. ಯಾವ ತಿರುವಿನಲ್ಲಿ ಹಳೆಯ ಗಣಿಯ ಸುರಂಗದ ಬಾಯಿ ತೆರೆದುಕೊಳ್ಳುತ್ತದೆ, ಯಾವ ಕೆರೆಯ ಏರಿ ಯಾವ ತಿಂಗಳು ಬೆವರುತ್ತದೆ, ಎಪ್ಪತ್ತರ ದಶಕದಲ್ಲಿ ಯಾವ ಕಾರ್ಖಾನೆ ರಾತ್ರಿ ಹೊತ್ತು ಬಿಡುತ್ತಿತ್ತು, ಇದೆಲ್ಲ ಇದ್ದದ್ದು ಅರವತ್ತು ದಾಟಿದ ಲ್ಯಾಬ್ ಸಹಾಯಕಿಯರ, ಅಳತೆಯ ನೌಕರರ ತಲೆಯಲ್ಲಿ. ಅವರಿಗೆ ಹಂಗೇರಿಯನ್ ಬರುತ್ತಿತ್ತು, ರೊಮೇನಿಯನ್ ಬರುತ್ತಿತ್ತು, ಶಾಲೆಯಲ್ಲಿ ಬಲವಂತಕ್ಕೆ ಕಲಿತ ರಷ್ಯನ್ ಬರುತ್ತಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಬರದವರನ್ನು ಯೋಜನೆಗಳು ಸಭೆಗೆ ಕರೆಯಲಿಲ್ಲ. ಒಬ್ಬೊಬ್ಬರಾಗಿ ನಿವೃತ್ತರಾದರು, ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಾನು ಹಂಗೇರಿಯನ್ ಕಲಿತೆ, ರೊಮೇನಿಯನ್ ಕಲಿಯಲಿಲ್ಲ. ನಾಳೆ ಕಲಿತರಾಯಿತು ಎಂದು ಇಪ್ಪತ್ತು ವರ್ಷ ಕಳೆದೆ. ಅರ್ಧ ಮಹಜರು ಓದದೆಯೇ ಸಹಿ ಹಾಕಿದ ಹಾಗೆ ಅದು. ಅದಕ್ಕೇ ನಿನಗೆ ಹೇಳುವುದು, ಬರುವ ಮೊದಲೇ ಎರಡೂ ಭಾಷೆಯಲ್ಲಿ ಅಂಕಿ, ಬಣ್ಣ, ದಿಕ್ಕು, ಎಡ, ಬಲ, ಮೇಲೆ, ಕೆಳಗೆ, ವಾಸನೆಯ ಪದಗಳು, ಇಷ್ಟನ್ನು ಬಾಯಿಪಾಠ ಮಾಡು. ಇನ್ನೂರು ಪದ ಸಾಕು. ಹಿರಿಯರನ್ನು ಬರೀ ಹೆಸರಿಟ್ಟು ಕರೆಯಬೇಡ. ಹಂಗೇರಿಯನ್ನಿನಲ್ಲಿ ಗಂಡಸರಾದರೆ ಹೆಸರಿನ ಕೊನೆಗೆ ಬಾಚಿ, ಹೆಂಗಸರಾದರೆ ನೇನಿ. ನಮ್ಮ ಮಾಮ, ಅತ್ತೆ ಇದ್ದ ಹಾಗೆ. ನೀನು, ನೀವು ಎಂಬ ಭೇದ ಎರಡೂ ಭಾಷೆಯಲ್ಲಿದೆ, ಅದು ನಿನಗೆ ತಂತಾನೇ ಬರುತ್ತದೆ. ಇಂಗ್ಲಿಷಿನ ಯು ಹಿಡಿದು ಬಂದವರು ಒದ್ದಾಡುವುದು ಅಲ್ಲೇ.

ಮೊದಲ ತಿಂಗಳು ನಿನ್ನನ್ನು ಸೈನೈಡಿನ ಹತ್ತಿರ ಬಿಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಬಾಟಲಿ ತೊಳೆಯಲು ಹಾಕುತ್ತಾರೆ. ಮೇಲಿನ ತಿಸಾದಲ್ಲಿ ನೆರೆ ಬಂದರೆ ಉಕ್ರೇನಿನ ಬೆಟ್ಟಗಳಿಂದ ಪ್ಲಾಸ್ಟಿಕ್ ಬಾಟಲಿ ರಾಶಿ ರಾಶಿಯಾಗಿ ತೇಲಿ ಬರುತ್ತದೆ. 2013ರಿಂದ ಬೇಸಿಗೆಯಲ್ಲಿ ಅದೇ ಬಾಟಲಿಗಳಿಂದ ದೋಣಿ ಕಟ್ಟಿಕೊಂಡು ಕಸ ಹೆಕ್ಕುವ ಪೆಟ್ ಕುಪಾ ಎಂಬ ಸ್ಪರ್ಧೆ ನಡೆಯುತ್ತದೆ, ಅದಕ್ಕೆ ಹೋಗು. ಸಭೆಯಲ್ಲಿ ಮಾತಾಡದವರು ದೋಣಿಯಲ್ಲಿ ಮಾತಾಡುತ್ತಾರೆ.

ಹಂಗೇರಿಯ ಕೊಲೊಂತಾರ್ ಊರಿನ ಬಗ್ಗೆಯೂ ಕೇಳಿದ್ದೆ. 2010ರ ಅಕ್ಟೋಬರ್ 4ರಂದು ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರಿನ ಕೆರೆ ಒಡೆದದ್ದು, ಹತ್ತು ಜನ ಸತ್ತರು, ಅದು ಹಂಗೇರಿಯದೇ ತಪ್ಪು. ಅಲ್ಲಿ ವಿಷ ಕ್ಷಾರ, ಪಿಎಚ್ 13ರ ಹತ್ತಿರ. ಹಾಗಾಗಿ ಮರ್ತ್ಸಲ್ ನದಿಗೆ ಜಿಪ್ಸಂ, ಆಮ್ಲ ಸುರಿದು ಇಳಿಸಿದರು. ಆಗ ಕೆಳಗಿನ ದೇಶಗಳಿಗೆ ಎಚ್ಚರಿಕೆ ಕಳಿಸುವ ಸರದಿ ಹಂಗೇರಿಯದಾಯಿತು. ಗಡಿಯ ಆಚೆಯವರನ್ನು ಬೈಯುವುದು ಆಮೇಲೆ ಸ್ವಲ್ಪ ತಗ್ಗಿದೆ.

ಕೊನೆಯದು, ಅಮ್ಮ ಕೇಳಿಸಿದ ಪ್ರಶ್ನೆ: ಅಂಥ ನದಿಯ ನೀರು ಕುಡಿಯಬಹುದಾ ಎಂದು. ನಾನಿರುವ ಸೊಲ್ನೋಕ್ ಊರಿಗೆ ನಲ್ಲಿ ನೀರು ಬರುವುದು ತಿಸಾದಿಂದಲೇ. ಸೋಸುತ್ತಾರೆ, ಇದ್ದಿಲಿನಲ್ಲಿ ಹಾಯಿಸುತ್ತಾರೆ, ದಿನವೂ ಪರೀಕ್ಷೆ ಮಾಡುತ್ತಾರೆ. ನಮ್ಮ ಮನೆಯ ಅನ್ನಕ್ಕೂ ಸಾರಿಗೂ ಅದೇ ನೀರು ಎಂದು ಹೇಳು. ಬೇಳೆ ಮಾತ್ರ ಬೇಗ ಬೇಯುವುದಿಲ್ಲ, ಕುಕ್ಕರ್ ತಾ.